ಸಣ್ಣತಾಯತ್ತೆಯ ತೊಂಬತ್ತಮೂರು ಕೂಗು

ನಮ್ಮೂರಲ್ಲಿ ಸಾಮಾನುಗಳನ್ನು ದಿನಕ್ಕೊಂದು ಸಲ ಹೆಸರು ಹಿಡಿದು ಕೂಗಬೇಕು. ಕೂಗದೆ ಬಿಟ್ಟರೆ ಮಲಗಿಬಿಡುತ್ತವೆ. ಮನೆಯೊಳಗಿನದಕ್ಕೆ ಮನೆಯವರೇ ಸಾಕು. ಒಲೆಗೆ ಒಂದು ಮಾತು, ಚಿಲಕಕ್ಕೆ ಒಂದು ಮಾತು, ಬೆಳಗಿನ ಗಡಿಬಿಡಿಯಲ್ಲಿ ಅದೊಂದು ಕೆಲಸವೆಂದೇ ಯಾರಿಗೂ ಅನಿಸುವುದಿಲ್ಲ. ನಮ್ಮಮ್ಮ ದೋಸೆ ಕಾವಲಿಯನ್ನು "ಏಳೇ ಕರಿಯವ್ವ, ಬಿಸಿಲು ನೆತ್ತಿಗೆ ಬಂತು" ಎಂದು ಗದರಿಸಿದ ಮೇಲೆಯೇ ಎಣ್ಣೆ ಸವರುವುದು. ಆದರೆ ಬೀದಿ ಸಾಮಾನುಗಳ ಮಾತು ಬೇರೆ. ನಲ್ಲಿ, ಹಿಟ್ಟಿನ ಗಿರಣಿ, ಅಂಚೆ ಡಬ್ಬಿ, ಶಾಲೆ ಗಂಟೆ, ಹಳ್ಳದ ಮೇಲಿನ ಹಲಗೆ ಸೇತುವೆ, ಇವೆಲ್ಲ ಹೆಸರಿಟ್ಟವರ ಕಂಠಕ್ಕೆ ಮಾತ್ರ ಓಗೊಡುತ್ತವೆ. ನಮ್ಮೂರಿನ ಬೀದಿ ಸಾಮಾನು ಒಟ್ಟು ತೊಂಬತ್ತಮೂರು. ತೊಂಬತ್ತಮೂರಕ್ಕೂ ಹೆಸರಿಟ್ಟವಳು ಸಣ್ಣತಾಯತ್ತೆ.

ಅವಳು ನನಗೆ ಸ್ವಂತ ಅತ್ತೆಯಲ್ಲ, ಇಡೀ ಊರಿಗೇ ಅತ್ತೆ. ನಲವತ್ತೊಂದು ವರ್ಷದಿಂದ ಬೆಳಕು ಹರಿಯುವ ಹೊತ್ತಿಗೆ ಸೀರೆ ಎತ್ತಿಕಟ್ಟಿ ಹೊರಟು, ಸೂರ್ಯ ನೆತ್ತಿಗೆ ಬರುವುದರೊಳಗೆ ಎಲ್ಲವನ್ನೂ ಕೂಗಿ ಮುಗಿಸುತ್ತಿದ್ದಳು. ಅವಳ ಗಂಟಲು ಎಂಥದೆಂದರೆ, ಅಂಚೆ ಡಬ್ಬಿಯನ್ನು ಕೂಗಿದರೆ ಹಳ್ಳದಾಚೆಯ ಕೊಕ್ಕರೆ ಎದ್ದು ಹಾರುತ್ತಿತ್ತು. ಒಂದು ವರ್ಷ ಅವಳಿಗೆ ಜ್ವರ ಬಂದು ನಾಲ್ಕು ದಿನ ಮಲಗಿದ್ದಳು. ಆಗ ಗಿರಣಿ ಮಲಗಿದ್ದು ಹದಿನೈದು ದಿನವಾದರೂ ಏಳಲಿಲ್ಲ. ಊರೆಲ್ಲ ರಾಗಿಯನ್ನು ಹುರಿದು ತಿಂದು ದವಡೆ ನೋವೆಂದು ಕೂತಿತ್ತು. ಮಲಗಿದ್ದನ್ನು ಎಬ್ಬಿಸುವುದು ಮಲಗದಂತೆ ನೋಡಿಕೊಳ್ಳುವುದಕ್ಕಿಂತ ಹತ್ತುಪಟ್ಟು ಕಷ್ಟ ಎಂದು ನಮ್ಮಜ್ಜಿ ಹೇಳುವುದು ಅದನ್ನು ನೋಡಿಯೇ.

ಇಷ್ಟರಿಂದ ಆದ ನಷ್ಟ ಅತ್ತೆಯೊಬ್ಬಳದೇ. ಅವಳಿಗೆ ಒಬ್ಬಳೇ ಮಗಳು, ಭಾಗೀರಥಿ. ಗುಡ್ಡದಾಚೆಯ ಊರಿಗೆ ಮದುವೆಯಾಗಿ ಹೋದವಳು. ಅವಳ ಮೊದಲ ಬಾಣಂತನಕ್ಕೆ ಅತ್ತೆ ಹೋಗಲಾಗಲಿಲ್ಲ. ಮೊಮ್ಮಗಳನ್ನು ಮೊದಲು ನೋಡಿದ್ದು ಆ ಮಗುವಿಗೆ ಮೂರು ವರ್ಷವಾದಾಗ. ಅದು ಇವಳನ್ನು ಕಂಡು ತಾಯಿಯ ಸೆರಗಿನ ಹಿಂದೆ ಅವಿತುಕೊಂಡಿತಂತೆ. ಅತ್ತೆ ಅದನ್ನು ನಗುತ್ತಲೇ ಹೇಳುತ್ತಿದ್ದಳು, ಆದರೆ ಪ್ರತಿ ಸಲವೂ ಹೇಳಿ ಮುಗಿಸಿ ಬೇರೆ ಕಡೆ ನೋಡುತ್ತಿದ್ದಳು. ಈಗ ಭಾಗೀರಥಿಗೆ ಮತ್ತೆ ದಿನ ತುಂಬುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ನಾನು ಕೆಲಸ ಮಾಡುವ ಗ್ರಂಥಾಲಯದ ಜಗಲಿಗೆ ಬಂದು ಕೂತು, "ಈ ಸಲಾನೂ ಬೀಗಿತ್ತೀನೇ ಬಾಣಂತಿಗೆ ನೀರು ಹಾಕ್ತಾಳೆ, ಬಿಡು" ಎಂದಳು. ಯಾರೂ ಕೇಳದಿದ್ದರೂ ಹೇಳಿದಳು.

ನಾನು ಅಜ್ಜಿಯ ಕಥೆ ಕೇಳಿ ಬೆಳೆದವಳು. ಅಜ್ಜಿಯ ಕಥೆಗಳಲ್ಲಿ ಏಳು ಕಡಲಾಚೆಯ ಗಿಳಿಯೊಳಗೆ ರಾಕ್ಷಸನ ಪ್ರಾಣ ಇರುತ್ತದಲ್ಲ, ಹಾಗೆ ಒಬ್ಬರ ಕಂಠವನ್ನು ಇನ್ನೆಲ್ಲಾದರೂ ಇಡಬಹುದು ಎಂಬುದು ನನಗೆ ಹೊಸದಾಗಿ ಹೊಳೆಯಬೇಕಾದ ಮಾತೇ ಅಲ್ಲ. ಗ್ರಂಥಾಲಯಕ್ಕೆ ಪಂಚಾಯ್ತಿಯವರು ಹೊರಗಿನಿಂದ ಒಂದು ಹಳೇ ಲ್ಯಾಪ್‌ಟಾಪ್ ತರಿಸಿಕೊಟ್ಟಿದ್ದರು, ಲಿನಕ್ಸ್ ಹಾಕಿದ್ದು. ಅದರ ಮೇಲೆ ನಾನು ಮೂರು ತಿಂಗಳು ತಾಲ್ಲೂಕಿನಲ್ಲಿ ಕಲಿತು ಬಂದಿದ್ದೆ. "ಅತ್ತೆ, ನಿನ್ನ ಕೂಗನ್ನೆಲ್ಲ ಇದರೊಳಗೆ ತುಂಬ್ಕೊಳ್ಳೋಣ. ಕಂಬಕ್ಕೆ ಮೈಕಿನ ಹಾರನ್ನು ಕಟ್ಟೋಣ. ಯಾವ್ದುನ್ನ ಯಾವ ಹೊತ್ತಿಗೆ ಕೂಗ್ಬೇಕೋ ಆ ಹೊತ್ತಿಗೆ ಇದೇ ಕೂಗುತ್ತೆ" ಎಂದೆ. ಅವಳು ಲ್ಯಾಪ್‌ಟಾಪನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದನ್ನ ಕೂಗೋರು ಯಾರು?" ಎಂದಳು. ಹೊರಗಿನ ವಸ್ತುವಿಗೆ ಹೆಸರಿಡುವವರೆಗೆ ಅದು ನೆಂಟ, ನೆಂಟರನ್ನು ಯಾರೂ ಎಬ್ಬಿಸಬೇಕಿಲ್ಲ ಎಂದು ನಮ್ಮಜ್ಜಿ ಪಕ್ಕದಿಂದ ತೀರ್ಪು ಕೊಟ್ಟಳು.

ಕೂಗು ತುಂಬಿಸಿಕೊಳ್ಳಲು ಎರಡು ದಿನ ಹಿಡಿಯಿತು. ಆಮೇಲೆ ಅಂಚೆ ಕಚೇರಿ ಮುಂದಿನ ನಲ್ಲಿಯ ಮೇಲೆ ಪರೀಕ್ಷೆ ಮಾಡಿದೆವು. ಅತ್ತೆ ಮನೆಯಲ್ಲೇ ಕೂತಳು, ಹಾರನ್ನಿನಲ್ಲಿ ಅವಳ ಧ್ವನಿ "ಗಂಗಾ, ಏ ಗಂಗಾ" ಎಂದಿತು. ನಲ್ಲಿ ಎರಡು ಸಲ ಕೆಮ್ಮಿ ನೀರು ಬಿಟ್ಟಿತು. ನಾನು ಕುಣಿಯುವುದೊಂದು ಬಾಕಿ.

ಆದರೆ ಲ್ಯಾಪ್‌ಟಾಪಿಗೇ ನಿದ್ದೆ. ಇಪ್ಪತ್ತು ನಿಮಿಷಕ್ಕೊಂದು ಸಲ ಪರದೆ ಕಪ್ಪಾಗಿ, ಕೂಗು ಅರ್ಧಕ್ಕೆ ನಿಂತು, ಪುಟ್ಟ ದೀಪ ಉಸಿರಾಡಿದಂತೆ ಮಿಣುಕುತ್ತಿತ್ತು. ಇದು ಊರಿನ ನಿದ್ದೆಯಲ್ಲ, ಅದರದೇ ನಿದ್ದೆ ಎಂದು ನನಗೆ ಗೊತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ವಿದ್ಯುತ್ತಿನ ಪುಟ ತೆಗೆದು ನೋಡಿದೆ. ಯಾರೂ ಮುಟ್ಟದೆ ಸುಮ್ಮನಿದ್ದರೆ ಮಲಗಬೇಕು ಎಂದು ಅದಕ್ಕೆ ಯಾರೋ ಹೇಳಿಟ್ಟಿದ್ದರು, ಬ್ಯಾಟರಿಗೆ ಒಂದು, ಕರೆಂಟಿಗೆ ಒಂದು. ಎರಡನ್ನೂ ಆರಿಸಿದೆ. ಮಾರನೇ ದಿನ ಮತ್ತೆ ಮಲಗಿತು. ನಾನು ನನ್ನ ಹೆಸರಿನ ಖಾತೆಯಿಂದ ಹೊರಬಂದು, ಪಾಸ್‌ವರ್ಡ್ ಕೇಳುವ ಪರದೆಯಲ್ಲಿ ಬಿಟ್ಟು ಹೋಗಿದ್ದೆ, ಆ ಪರದೆಗೆ ಅದರದೇ ಬೇರೆ ಕಟ್ಟಳೆ ಇತ್ತು. ಮನೆಯೊಳಗೆ ಮಲಗಬೇಡ ಅಂದರೆ ಹೊಸಿಲ ಮೇಲೆ ಮಲಗುವ ಜಾತಿ. ಅದನ್ನೂ ಸರಿ ಮಾಡಿದೆ. ಆಮೇಲೆ ಮೂರು ದಿನ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತು, ಹಾರನ್ನಿನ ತಂತಿ ಕಿತ್ತಿಟ್ಟು, ಬೆಳಗಿನಿಂದ ಮಧ್ಯಾಹ್ನದವರೆಗೆ ತೊಂಬತ್ತಮೂರನ್ನೂ ಮೆಲ್ಲಗೆ ಓಡಿಸಿ ನೋಡಿದೆ. ಒಂದೇ ಒಂದು ಸಲವೂ ಕಣ್ಣು ಮುಚ್ಚಲಿಲ್ಲ. ಅತ್ತೆಗೆ ಹೇಳಿದೆ, "ಮಂಗಳವಾರದ ಬಸ್ಸಿಗೆ ಹೊರಡು." ಅವಳು ಟ್ರಂಕಿನಿಂದ ಕೆಂಪು ಅಂಚಿನ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಹಳೇ ಪಂಚೆ ಹರಿದು ಮಗುವಿಗೆ ಬಟ್ಟೆ ಮಾಡಿದಳು. ಬಾಣಂತಿಗೆಂದು ಮೆಣಸು, ಓಮ, ಒಣಶುಂಠಿ ಕುಟ್ಟಿ ಡಬ್ಬಿ ತುಂಬಿದಳು.

ಶನಿವಾರ ಊರವರೆದುರು ತೋರಿಸಬೇಕೆಂದಾಯಿತು. ಯಾಕೆಂದರೆ ಗಿರಣಿಯ ಮಾದಪ್ಪ ಬಿಲ್ಕುಲ್ ಒಪ್ಪಿರಲಿಲ್ಲ. ಅವನ ಭಯ ಸುಳ್ಳೂ ಅಲ್ಲ, ಗಿರಣಿ ಮಲಗಿದರೆ ಊರಿಗೆ ಹಿಟ್ಟಿಲ್ಲ, ಅವನ ಮುಖಕ್ಕೆ ಮರ್ಯಾದೆಯಿಲ್ಲ. ಗ್ರಂಥಾಲಯದ ತುಂಬ ಜನ. ಅತ್ತೆ ಲ್ಯಾಪ್‌ಟಾಪಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಹೊಸ ಮದುಮಗನ ಪಕ್ಕ ಕೂತ ತಾಯಿಯಂತೆ ಅದರ ಮೇಲೊಂದು ಕೈಯಿಟ್ಟು ಕೂತಳು. ಮೊದಲ ಕೂಗು ಹೋಯಿತು. ಎರಡನೆಯದು ಹೋಯಿತು. ಮೂರನೆಯದರಲ್ಲಿ "ಏಳೋ ನನ್..." ಎಂದು ನಿಂತಿತು. ಪರದೆ ಕಪ್ಪು.

ನಾನು ಗುಂಡಿ ಒತ್ತಿದೆ, ಎದ್ದಿತು. ಅತ್ತೆ ಅದರ ಬೆನ್ನು ಸವರಿ, "ಏಳಪ್ಪ, ಏಳು ನನ್ನ ರಾಜ" ಎಂದಳು. ಮಲಗಿತು. ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದರು. ನಮ್ಮೂರಲ್ಲಿ ಮಲಗಿದ್ದನ್ನು ಕಂಡು ಯಾವ ಹೆಂಗಸೂ ಸುಮ್ಮನಿರಲಾರಳು. ಒಬ್ಬಳು ಲಾಲಿಸಿದಳು, ಒಬ್ಬಳು ಗದರಿಸಿದಳು, ಒಬ್ಬಳು ತಟ್ಟಿದಳು. ಎದ್ದದ್ದು ಹತ್ತು ಸಲ, ಮಲಗಿದ್ದು ಹನ್ನೊಂದು ಸಲ. ಬಾಗಿಲಿಗೆ ಒರಗಿ ನಿಂತಿದ್ದ ಮಾದಪ್ಪ, "ಏನವ್ವ ವಾರಿಜ, ನಿನ್ನ ಪೆಟ್ಟಿಗೆ ಹೊಸ ಸೊಸೆ ಥರ ಐತಲ್ಲ. ಒಬ್ಳೇ ಇದ್ದಾಗ ವಟವಟ, ಅತ್ತೆ ಎದ್ರಿಗೆ ಬಂದ್ರೆ ತೂಕಡಿಕೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಅತ್ತೆ ನಗಲಿಲ್ಲ. ಕೈ ತೆಗೆದು ಮಡಿಲಲ್ಲಿಟ್ಟುಕೊಂಡು, "ನಲವತ್ತೊಂದು ವರ್ಷಕ್ಕೆ ನನ್ನ ಮಾತು ಕೇಳದೆ ಇರೋ ಮೊದಲ್ನೇ ಸಾಮಾನು ಇದು" ಎಂದಳು. "ನನ್ ಗಂಟ್ಲು ಮುಗೀತೋ ಏನೋ." ಮನೆಗೆ ಹೋಗುವಾಗ ಬಿಸಿಲಿಗೆ ಹಾಕಿದ್ದ ಸೀರೆಯನ್ನು ಮಡಿಸಿ ಮತ್ತೆ ಟ್ರಂಕಿಗೆ ಹಾಕಿದ್ದನ್ನು ನಾನೇ ಕಂಡೆ.

ಭಾನುವಾರ ಬೆಳಿಗ್ಗೆ ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ. ಲಿನಕ್ಸಿಗೆ ಒಂದು ಒಳ್ಳೇ ಅಭ್ಯಾಸವಿದೆ, ಅದು ದಿನಚರಿ ಬರೆಯುತ್ತದೆ. ಎಷ್ಟು ಹೊತ್ತಿಗೆ ಎದ್ದೆ, ಏನು ಮಾಡಿದೆ, ಯಾಕೆ ಮಲಗಿದೆ, ಒಂದನ್ನೂ ಬಿಡುವುದಿಲ್ಲ. ಮನುಷ್ಯರಾದರೆ ಕೇಳಿದ ಮೇಲೂ ಹೇಳುವುದಿಲ್ಲ. ಶನಿವಾರದ ಪುಟಗಳನ್ನು ತಿರುವಿದೆ. ಹನ್ನೊಂದು ಸಲ ಮಲಗಿದ ಕಡೆಯೂ ಅದೇ ಎರಡು ಸಾಲು. ಮುಚ್ಚಳ ಮುಚ್ಚಿತು. ಮಲಗುತ್ತಿದ್ದೇನೆ. ಸ್ವಲ್ಪ ಕೆಳಗೆ, ಮುಚ್ಚಳ ತೆರೆಯಿತು.

ಮುಚ್ಚಳವನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಇಡೀ ಊರು ನೋಡುತ್ತಿರುವಾಗ ಅದು ಹಸಿದ ಹಕ್ಕಿಮರಿಯ ಬಾಯಿಯಂತೆ ಅಗಲವಾಗಿ ತೆರೆದೇ ಇತ್ತು. ಯಂತ್ರ ಸುಳ್ಳು ಬರೆಯುವುದಿಲ್ಲ. ಹಾಗಾದರೆ ಅದಕ್ಕೆ ಯಾರೋ ಸುಳ್ಳು ಹೇಳಿದ್ದಾರೆ. ಯಾರು? ನಾನು ಗಲ್ಲಕ್ಕೆ ಕೈಕೊಟ್ಟು ಕೂತೆ. ನನ್ನ ಅಭ್ಯಾಸವೇ ಹಾಗೆ, ಒಂದು ವಿಷಯ ಯೋಚಿಸಲು ಕೂತರೆ ಮನಸ್ಸು ಕಿಟಕಿಯಾಚೆ ಹೋಗಿ, ಕಾಣದ ಕೈಗಳ ಅಪ್ಸರೆಯೊಬ್ಬಳು ಬಂದು ಮುಚ್ಚಳ ಮುಚ್ಚಿ ತೆರೆಯುವುದನ್ನು ನೋಡುತ್ತಾ ಕೂರುತ್ತದೆ. ಅಷ್ಟರಲ್ಲಿ ಅಜ್ಜಿ ಬಂದಳು, ಸೆರಗಿನಲ್ಲಿ ಹುರಿಗಡಲೆ ಕಟ್ಟಿಕೊಂಡು. "ಇನ್ನೂ ಏನೂ ತಿಂದಿಲ್ವಂತೆ" ಎಂದು ಬಲಗೈಯಲ್ಲಿ ಗಂಟು ಬಿಚ್ಚುತ್ತಾ, ಬಗ್ಗಲಾರದೆ ಎಡಗೈಯನ್ನು ಲ್ಯಾಪ್‌ಟಾಪಿನ ಮೇಲೆ, ಕೀಲಿಗಳ ಈಚೆಯ ಬಯಲಿನ ಮೇಲೆ ಊರಿದಳು.

ಪರದೆ ಕಪ್ಪಾಯಿತು.

"ಅಯ್ಯೋ, ನಾನೇನೂ ಮಾಡ್ಲಿಲ್ಲಪ್ಪ" ಎಂದು ಅಜ್ಜಿ ಕೈ ತೆಗೆದಳು. ಅದು ತಾನಾಗಿಯೇ ಎದ್ದಿತು. "ಅಜ್ಜಿ, ಇನ್ನೊಂದ್ಸಲ ಕೈ ಇಡು." ಇಟ್ಟಳು, ಮಲಗಿತು. "ತೆಗಿ." ತೆಗೆದಳು, ಎದ್ದಿತು. "ಬಲಗೈ ಇಡು." ಇಟ್ಟಳು, ಏನೂ ಆಗಲಿಲ್ಲ. "ಇದೇನೇ, ನನ್ನ ಕುಣಿಸ್ತಿದೀಯ ಬೆಳ್ ಬೆಳಿಗ್ಗೆ" ಎಂದು ಗೊಣಗಿದಳು. ನಾನು ಅವಳ ಎಡಗೈ ಹಿಡಿದೆ. ಬಳೆ. ಮೊದಲ ಸಲ ಒಂದು ವಸ್ತುವಿಗೆ ಹೆಸರಿಟ್ಟ ದಿನ ನಮ್ಮೂರ ಹೆಂಗಸರು ಎಡಗೈಗೆ ಸೂಜಿಗಲ್ಲು ಕೂರಿಸಿದ ಕಬ್ಬಿಣದ ಬಳೆ ಹಾಕಿಕೊಳ್ಳುತ್ತಾರೆ, ಆಮೇಲೆ ಸಾಯುವವರೆಗೆ ತೆಗೆಯುವುದಿಲ್ಲ. ಸೂಜಿಗಲ್ಲು ಯಾರೂ ನೋಡದಿದ್ದರೂ ಕಬ್ಬಿಣ ಎಳೆಯುತ್ತದೆ, ಅದಕ್ಕೆ ನಿದ್ದೆಯಿಲ್ಲ, ಆದ್ದರಿಂದ ಮಲಗಿದ್ದನ್ನು ಎಬ್ಬಿಸಲು ಆ ಕೈಯಿಂದಲೇ ಮುಟ್ಟಬೇಕು. ನಾನಿನ್ನೂ ಯಾವುದಕ್ಕೂ ಹೆಸರಿಟ್ಟವಳಲ್ಲ. ನನ್ನ ಕೈ ಬೋಳು.

ತಾಲ್ಲೂಕಿನಲ್ಲಿ ಹೇಳಿಕೊಟ್ಟದ್ದು ಆಗ ನೆನಪಾಯಿತು. ಮುಚ್ಚಳದಲ್ಲಿ ಒಂದು ಸಣ್ಣ ಸೂಜಿಗಲ್ಲಿನ ಚೂರಿರುತ್ತದೆ. ಮುಚ್ಚಿದಾಗ ಅದು ಕೆಳಗಿನ ಬಯಲಿನ ಮೇಲೆ ಬಂದು ಕೂರುತ್ತದೆ. ಅದು ಹತ್ತಿರ ಬಂದದ್ದನ್ನು ಕೆಳಗಿನಿಂದ ಯಂತ್ರ ಗುರುತಿಸಿ, ಮುಚ್ಚಿತು ಎಂದು ತಿಳಿದು ಮಲಗುತ್ತದೆ. ಅದಕ್ಕೆ ಕಣ್ಣಿಲ್ಲ, ಯಾವ ಕಲ್ಲು ಬಂದರೂ ಮುಚ್ಚಳವೇ. ಇಡೀ ಶನಿವಾರ ನಮ್ಮೂರಿನ ಹೆಂಗಸರು ಪ್ರೀತಿಯಿಂದ ಸವರಿ ಸವರಿ ಅದನ್ನು ಮಲಗಿಸಿದ್ದರು.

ಓಡಿದೆ ಅತ್ತೆಯ ಮನೆಗೆ. ಅವಳು ಬೆಳಗಿನ ಕೂಗು ಮುಗಿಸಿ ಬಂದು ಕಾಲು ತೊಳೆಯುತ್ತಿದ್ದಳು. ಎಲ್ಲ ಹೇಳಿದೆ. ಅವಳು ಬಳೆ ನೋಡಿಕೊಂಡಳು, ನನ್ನ ಮುಖ ನೋಡಿದಳು. "ಹಂಗಾದ್ರೆ ನಾನು ಕೂಗಿದ್ದು?" ಎಂದಳು. "ಅದಕ್ಕೆ ಕೇಳಿಸೇ ಇಲ್ಲ ಅತ್ತೆ. ಅದಕ್ಕೆ ಕಿವಿನೇ ಇಲ್ಲ." "ಕಿವಿ ಇಲ್ವಾ! ಮೊದ್ಲೇ ಬೊಗಳಬಾರ್ದಿತ್ತಾ, ನಿನ್ನೆಯಿಂದ ಒಂದು ತುತ್ತು ಇಳಿದಿಲ್ಲ ನಂಗೆ" ಎಂದು ಚೊಂಬನ್ನು ಕುಕ್ಕಿ ಇಟ್ಟಳು. ಬೈದಳು ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಅಲ್ಲೇ ಕೂತು ಅವಳ ಮನೆಯ ಉಪ್ಪಿಟ್ಟು ತಿಂದೆ.

ಮಾದಪ್ಪನ ಉಪಾಯ ಸುಲಭದ್ದು. "ಹೆಂಗಸ್ರು ಯಾರೂ ಪೆಟ್ಟಿಗೆ ಮುಟ್ಬಾರ್ದು ಅಂತ ಬಾಗಿಲಿಗೆ ಬೋರ್ಡ್ ಹಾಕು" ಎಂದ. ಹಾಕಬಹುದಿತ್ತು. ಆದರೆ ಊರಿನ ಜೀವವೇ ಇರುವ ಪೆಟ್ಟಿಗೆಯನ್ನು, ಅತ್ತೆ ಊರಲ್ಲಿಲ್ಲದ ಹದಿನೇಳು ದಿನ, ನಮ್ಮೂರ ಹೆಂಗಸರು ಮುಟ್ಟದೆ ಇರುತ್ತಾರೆ ಎಂದು ನಂಬುವವನು ನಮ್ಮೂರ ಹೆಂಗಸರನ್ನು ಕಂಡಿಲ್ಲ. ಬಳೆ ತೆಗೆಯಿರಿ ಎಂದು ಕೇಳಲು ನನಗೆ ಬಾಯಿಲ್ಲ. ಜನಕ್ಕೆ ಬುದ್ಧಿ ಹೇಳುವುದಕ್ಕಿಂತ ಯಂತ್ರಕ್ಕೆ ಹೇಳುವುದು ಮೇಲು. ಮುಚ್ಚಳ ಮುಚ್ಚಿದರೆ ಏನು ಮಾಡಬೇಕು ಎಂದು ಅದರ ಒಂದು ಕಡತದಲ್ಲಿ ಬರೆದಿರುತ್ತದೆ. ಹುಡುಕಿ, ಆ ಸಾಲಿನಲ್ಲಿ ಮಲಗು ಎಂದಿದ್ದನ್ನು ಅಳಿಸಿ, ಲಕ್ಷ್ಯ ಕೊಡಬೇಡ ಎಂದು ಬರೆದೆ. ಆರಿಸಿ ಹೊತ್ತಿಸಿದೆ. ಅಜ್ಜಿಯನ್ನು ಕರೆದು ಕೈ ಇಡಿಸಿದೆ.

ಮಲಗಿತು.

ಸೋಮವಾರ ಬೆಳಗಾಗಿತ್ತು, ಮಾರನೇ ದಿನ ಬಸ್ಸು. ಕಡತವನ್ನು ಹತ್ತು ಸಲ ಓದಿದೆ. ಬರೆದದ್ದು ಸರಿಯಾಗಿಯೇ ಇತ್ತು, ಒಂದಕ್ಷರ ತಪ್ಪಿಲ್ಲ. ಅಜ್ಜಿ ಬೇಸರ ಬಂದು, "ಇಡ್ಲಾ, ತೆಗೀಲಾ, ಒಂದು ಹೇಳು, ತೋಳು ಸೋತೋಯ್ತು" ಎಂದಳು. ಹನ್ನೊಂದನೇ ಸಲ ಓದುವಾಗ ಕಂಡಿತು. ಸಾಲಿನ ಮೊದಲಲ್ಲಿ ಒಂದು ಪುಟ್ಟ ಗುರುತು, ಎರಡು ಅಡ್ಡಗೆರೆಗೆ ಎರಡು ನಿಂತಗೆರೆ, ಅಂಗಳದಲ್ಲಿ ಅವಸರಕ್ಕೆ ಹಾಕಿದ ರಂಗೋಲಿಯಂತೆ. ಆ ಗುರುತಿರುವ ಸಾಲು ಮನುಷ್ಯರು ಓದಲಿ ಎಂದು ಇರುವಂಥದ್ದು, ಯಂತ್ರ ಅದನ್ನು ದಾಟಿಕೊಂಡು ಹೋಗುತ್ತದೆ. ನಾನು ಬರೆದದ್ದನ್ನು ಅದು ಓದಿಯೇ ಇರಲಿಲ್ಲ. ಗುರುತನ್ನು ಒರೆಸಿದೆ, ಮತ್ತೆ ಆರಿಸಿ ಹೊತ್ತಿಸಿದೆ, ಅಜ್ಜಿಯ ಕೈ ಹಿಡಿದು ನಾನೇ ಇಟ್ಟೆ. ಅಜ್ಜಿ ಒಂದು ಹಿಡಿ ಕಡಲೆ ತಿಂದು ಮುಗಿಸಿದಳು. ಇನ್ನೊಂದು ಹಿಡಿ ತಿಂದಳು. ಪರದೆ ಬೆಳಗುತ್ತಲೇ ಇತ್ತು.

ಮಧ್ಯಾಹ್ನ ಮತ್ತೆ ಊರು ಸೇರಿತು. ಈ ಸಲ ನಾನೇ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬನ್ನಿ, ಎಡಗೈಯಲ್ಲೇ ಮುಟ್ಟಿ ಎಂದೆ. ಹದಿನಾಲ್ಕು ಜನ ಮುಟ್ಟಿದರು. ಒಬ್ಬಳಂತೂ ಬಿಡದೆ ಎರಡು ಕೆನ್ನೆಯ ದೃಷ್ಟಿ ತೆಗೆದಳು. ಯಂತ್ರ ಕೂಗುತ್ತಲೇ ಹೋಯಿತು. ಮಾದಪ್ಪ ಕೊನೆಗೆ, "ಸೊಸೆಗೆ ಧೈರ್ಯ ಬಂತು ಬಿಡು" ಎಂದ. ಅವನ ಬಾಯಲ್ಲಿ ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳಿಲ್ಲ.

ಮಂಗಳವಾರ ಅತ್ತೆ ಕೆಂಪು ಅಂಚಿನ ಸೀರೆ ಉಟ್ಟು ಬಸ್ಸು ಹತ್ತಿದಳು. ಹತ್ತಿದ ಮೇಲೂ ಕಿಟಕಿಯಿಂದ ತಲೆ ಹಾಕಿ, ಸೇತುವೆಯ ಹಲಗೆಯೊಂದು ಬೇಗ ಓಗೊಡುವುದಿಲ್ಲ, ಅದಕ್ಕೆ ಎರಡು ಸಲ ಕೂಗಿಸು ಎಂದು ಹೇಳುತ್ತಲೇ ಇದ್ದಳು. ಡ್ರೈವರ್ ಗೇರು ಹಾಕಿದ ಮೇಲೆ ಧ್ವನಿ ಮುಳುಗಿತು. ಮೊದಲ ವಾರ ನಾನು ಯಂತ್ರದ ಪಕ್ಕ ಬಿಟ್ಟು ಏಳಲಿಲ್ಲ. ಒಂದು ದಿನ ಎರಡು ತಾಸು ಕರೆಂಟು ಹೋಯಿತು, ಬ್ಯಾಟರಿಯಲ್ಲೇ ನಡೆಯಿತು, ಮಲಗಲಿಲ್ಲ. ನಲ್ಲಿ ಎದ್ದಿತು, ಗಂಟೆ ಎದ್ದಿತು, ಗಿರಣಿ ಎದ್ದಿತು. ಹಿಟ್ಟಿನ ಧೂಳು ಮೆತ್ತಿದ ಮುಖದಲ್ಲಿ ಮಾದಪ್ಪ ದಿನಾ ಬಂದು, ಒಳಗೆ ಬಾರದೆ, ಬಾಗಿಲಿನಿಂದ ಇಣುಕಿ ಹೋಗುತ್ತಿದ್ದ.

ಎಂಟನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಗ್ರಂಥಾಲಯದ ಫೋನು ಹೊಡೆದುಕೊಂಡಿತು. ಎತ್ತಿದರೆ ಸೊಳ್ಳೆ ಗುಂಯ್‌ಗುಟ್ಟಿದಂತೆ ಒಂದು ಸಣ್ಣ ಸ್ವರ. "ಯಾರು?" ಎಂದೆ. "ನಾನು ಕಣೇ, ಅತ್ತೆ."  "ಯಾಕತ್ತೆ, ಗಂಟಲು ಹೋಯ್ತಾ?" "ಇಲ್ಲ ಕಣೇ, ಮಗು ಮಲಗಿದೆ." ಗಂಡು, ಐದು ದಿನವಾಯಿತು, ಬಾಣಂತಿ ಚೆನ್ನಾಗಿದ್ದಾಳೆ, ಮೊದಲು ಎತ್ತಿಕೊಂಡದ್ದು ತಾನೇ, ಎಲ್ಲವನ್ನೂ ಅದೇ ಪಿಸುಮಾತಿನಲ್ಲಿ ಹೇಳಿದಳು. "ಮೊದಲೆರಡು ದಿನ ನಾನು ಜೋ ಅಂದ್ರೆ ಸಾಕು, ಬೆಚ್ಚಿ ಕಣ್ಣು ಬಿಡೋದು. ಭಾಗೀ ಬೈದ್ಲು, ಅಮ್ಮ ನೀನು ಬಾಯಿ ಮುಚ್ಕೊಂಡು ತೊಡೆ ಮೇಲೆ ಹಾಕ್ಕೋ ಸಾಕು ಅಂತ. ನಂಗೆ ಎಬ್ಬಿಸೋದು ಬಿಟ್ರೆ ಇನ್ನೇನು ಬರುತ್ತೆ ಹೇಳು. ಈಗ ಕಲ್ತಿದೀನಿ. ಕಾಲು ನೀಡ್ಕೊಂಡು ಸುಮ್ನೆ ಕೂರ್ತೀನಿ. ದೊಡ್ಡವಳು ಬೆನ್ನಿಗೆ ಒರಗಿಕೊಂಡು ಕೂರ್ತಾಳೆ. ಮಧ್ಯಾಹ್ನ ಆದ್ರೂ ಒಂದು ಮಾತಿಲ್ಲ. ಎಷ್ಟು ಚೆನ್ನಾಗಿರುತ್ತೆ ಗೊತ್ತೇನೇ?"

ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಹೊರಗೆ ಕಂಬದ ಹಾರನ್ನು ಸೇತುವೆಯನ್ನು ಕೂಗಲು ಶುರುಮಾಡಿತು. ಹಳ್ಳದಾಚೆಯ ಕೊಕ್ಕರೆಗಳು ಎದ್ದವು.  ಆ ಕಡೆಯಿಂದ ಅತ್ತೆ, "ಅದ್ಯಾವಳೇ ಅದು, ಹಂಗೆ ಕಿರುಚ್ತಿರೋದು?" ಎಂದಳು.

"ನೀನೇ ಅತ್ತೆ."

ಅವಳು ಬಾಯಿಗೆ ಸೆರಗು ತುರುಕಿಕೊಂಡು ನಗುವುದು ನನಗೆ ಇಲ್ಲಿಗೆ ತಿಳಿಯಿತು. "ಕಿಟಕಿ ಹಾಕೇ ವಾರಿಜ, ಬೇಗ ಹಾಕು, ಮಗು ಮಿಸುಕ್ತು" ಎಂದಳು.

ನಾನು ಫೋನನ್ನು ಮೇಜಿನ ಮೇಲೆ ಮೆಲ್ಲಗಿಟ್ಟು, ತುದಿಗಾಲಲ್ಲಿ ಹೋಗಿ ಕಿಟಕಿ ಹಾಕಿ ಬಂದೆ.